ಮುರ್ಟನ್ ಸರೋವರ ಕೆಂಪಾಗುವುದು ನಿಜವೇ?

ಪ್ರಶ್ನೆ: ಮಗಳು ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಕೆಲಸದಲ್ಲಿದ್ದಾಳೆ. ಹೋದ ಬೇಸಿಗೆಯಲ್ಲಿ ನಮ್ಮಿಬ್ಬರನ್ನೂ ಮುರ್ಟನ್ ಎಂಬ ಪುಟ್ಟ ಊರಿಗೆ ಕರೆದುಕೊಂಡು ಹೋಗಿದ್ದಳು. ಸುತ್ತ ಕೋಟೆಗೋಡೆ, ಕೆಳಗೆ ಸರೋವರ, ಬೋರ್ಡುಗಳಲ್ಲಿ ಊರಿಗೆ ಎರಡೆರಡು ಹೆಸರು. ದೋಣಿಯಲ್ಲಿ ಪಕ್ಕದಲ್ಲಿ ಕೂತಿದ್ದ ಅಜ್ಜ ಒಬ್ಬರು, "ಇಲ್ಲಿ ಸತ್ತ ಸೈನಿಕರ ರಕ್ತ ಆಗಾಗ ನೀರಿನ ಮೇಲೆ ತೇಲಿ ಬರುತ್ತದೆ" ಎಂದರಂತೆ. ಇದು ನಿಜವೇ? ಅಷ್ಟು ಚಿಕ್ಕ ಊರಿಗೆ ಇಷ್ಟು ದೊಡ್ಡ ಗೋಡೆ ಯಾಕೆ ಬೇಕಾಯಿತು, ಅದು ಹೇಗೆ ಉಳಿಯಿತು? ಬರುವ ಜೂನ್‌ನಲ್ಲಿ ಮತ್ತೆ ಹೋಗುವವರಿದ್ದೇವೆ. ನಮ್ಮ ಯಜಮಾನರ ಮಂಡಿನೋವಿನಿಂದ ಹೋದ ಸಲ ಗೋಡೆ ಹತ್ತಲಾಗಲಿಲ್ಲ. ಏನು ನೋಡಬೇಕು ತಿಳಿಸಿ.
(ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ರಕ್ತದಿಂದಲೇ ಶುರು ಮಾಡೋಣ. ಆ ಅಜ್ಜ ಸುಳ್ಳು ಹೇಳಿಲ್ಲ, ಪೂರ್ತಿ ನಿಜವನ್ನೂ ಹೇಳಿಲ್ಲ. ಸರೋವರ ಕೆಂಪಾದದ್ದು ಉಂಟು. 1825ರಲ್ಲಿ ನೀರಿನ ಮೇಲೆ ಕೆಂಪು ಕೆನೆ ಕಟ್ಟಿದಾಗ ಜಿನೀವಾದ ಸಸ್ಯವಿಜ್ಞಾನಿ ಒಗ್ಯುಸ್ತಾಂ ಪಿರಾಮ್ ದ ಕಾಂಡೋಲ್ ಅದನ್ನು ಪರೀಕ್ಷಿಸಿ, ಅದೊಂದು ಪಾಚಿ ಎಂದು ಗುರುತಿಸಿ ಹೆಸರಿಟ್ಟರು. ಈಗ ವಿಜ್ಞಾನಿಗಳು ಅದನ್ನು ಪ್ಲ್ಯಾಂಕ್ಟೋತ್ರಿಕ್ಸ್ ರುಬೆಸೆನ್ಸ್ ಎನ್ನುತ್ತಾರೆ. ಸರಿಯಾಗಿ ಹೇಳುವುದಾದರೆ ಪಾಚಿಯೂ ಅಲ್ಲ, ದ್ಯುತಿಸಂಶ್ಲೇಷಣೆ ಮಾಡುವ ಒಂದು ಬ್ಯಾಕ್ಟೀರಿಯ. ಊರಿನವರು ಮಾತ್ರ ಅದನ್ನು ಕರೆಯುವುದು 'ಬರ್ಗಂಡಿಯವರ ರಕ್ತ' ಎಂದೇ. 1476ರಲ್ಲಿ ಇಲ್ಲಿ ನಡೆದ ಕದನದಲ್ಲಿ ಸತ್ತ ಬರ್ಗಂಡಿ (ಈಗಿನ ಪೂರ್ವ ಫ್ರಾನ್ಸಿನ ಒಂದು ಭಾಗ) ಸೈನಿಕರ ನೆನಪು ಅದು. ಆ ಕಥೆ ಮುಂದೆ ಬರುತ್ತದೆ. ಆ ಹೆಸರು ಮುರ್ಟನ್ನಿಂದ ಹೊರಟು ಜರ್ಮನ್ ಭಾಷೆಯ ಜೀವಶಾಸ್ತ್ರ ಪುಸ್ತಕಗಳಿಗೂ ಸೇರಿಬಿಟ್ಟಿದೆ.

ಇದರ ನಡವಳಿಕೆ ಸ್ವಾರಸ್ಯವಾಗಿದೆ. ಬೇಸಿಗೆಯಲ್ಲಿ ಇದು ಮೇಲೆ ಬರುವುದಿಲ್ಲ. ಹತ್ತು ಹದಿನೈದು ಮೀಟರ್ ಆಳದಲ್ಲಿ, ಮಂಕು ಬೆಳಕಿನಲ್ಲಿ ಒಂದು ಪದರವಾಗಿ ನಿಂತಿರುತ್ತದೆ. ಅದರ ಕೆಂಪು ವರ್ಣದ್ರವ್ಯ ಆ ಮಂಕು ಬೆಳಕನ್ನೇ ಹಿಡಿದು ಬದುಕಲು ಹೇಳಿ ಮಾಡಿಸಿದ್ದು. ಚಳಿಗಾಲದಲ್ಲಿ ಮೇಲಿನ ನೀರು ತಣ್ಣಗಾಗಿ ಕೆಳಗಿನದರ ಜೊತೆ ಬೆರೆತಾಗ, ಜೀವಕೋಶದೊಳಗಿನ ಗಾಳಿಗುಳ್ಳೆಗಳ ಬಲದಿಂದ ಮೇಲೆದ್ದು ದಡಕ್ಕೆ ಬಂದು ಹೆಪ್ಪುಗಟ್ಟಿದಂತೆ ಕಾಣುತ್ತದೆ. ಯಕೃತ್ತಿಗೆ ವಿಷವಾಗುವ ವಸ್ತುಗಳನ್ನೂ ಇದು ತಯಾರಿಸುವುದರಿಂದ ಕೈ ಹಾಕದಿರುವುದು ಒಳ್ಳೆಯದು. ಕದನ ನಡೆದದ್ದು ಜೂನ್ ತಿಂಗಳಲ್ಲಿ, ನೀರು ಕೆಂಪಾಗುವುದು ಚಳಿ ಮತ್ತು ವಸಂತದ ನಡುವೆ. ರಕ್ತವೇ ಆಗಿದ್ದರೆ ತಿಥಿಯನ್ನಾದರೂ ನೆನಪಿಟ್ಟುಕೊಳ್ಳುತ್ತಿತ್ತು! ನೀವು ಹೋಗುವುದು ಜೂನ್‌ನಲ್ಲಾದ್ದರಿಂದ ಅದು ಕಣ್ಣಿಗೆ ಬೀಳಲಾರದು.

ಇನ್ನು ಗೋಡೆ. 'ಅಷ್ಟು ಚಿಕ್ಕ ಊರಿಗೆ' ಎಂದು ನೀವು ಕೇಳಿದ್ದೀರಿ. ಊರು ಚಿಕ್ಕದು, ಅದು ಕೂತ ಜಾಗ ಚಿಕ್ಕದಲ್ಲ. ಮಗಳ ಮನೆಯಲ್ಲಿ ನಕ್ಷೆ ಇದ್ದರೆ ಒಮ್ಮೆ ಹರಡಿಕೊಳ್ಳಿ. ಸ್ವಿಟ್ಜರ್ಲೆಂಡಿನ ಪಶ್ಚಿಮದಲ್ಲಿ ಜುರಾ ಬೆಟ್ಟಸಾಲಿನ ತಪ್ಪಲಿಗೆ ಮೂರು ಸರೋವರಗಳಿವೆ: ದೊಡ್ಡದು ನೊಶಾಟೆಲ್, ನಡುವಿನದು ಬೀಲ್, ಎಲ್ಲಕ್ಕಿಂತ ಸಣ್ಣದು ಸುಮಾರು 23 ಚದರ ಕಿಲೋಮೀಟರಿನ ಮುರ್ಟನ್. ಹಿಮಯುಗ ಮುಗಿದು ರೋನ್ ಹಿಮನದಿ ಹಿಂದೆ ಸರಿದಾಗ ಇಲ್ಲೆಲ್ಲ ಒಂದೇ ಮಹಾಸರೋವರ ಇತ್ತು. ಅದು ಹೂಳು ತುಂಬಿ ಕುಗ್ಗಿದಾಗ ತಗ್ಗಿನಲ್ಲಿ ಉಳಿದ ನೀರೇ ಈ ಮೂರು. ಮೂರರ ನಡುವಿನ ಜಾಗ ಶತಮಾನಗಳ ಕಾಲ ಜೌಗು ನೆಲವಾಗಿತ್ತು. ಜರ್ಮನ್ನಿನಲ್ಲಿ ಅದರ ಹೆಸರು 'ಗ್ರೋಸೆಸ್ ಮೋಸ್', ಅಂದರೆ ದೊಡ್ಡ ಜೌಗು. ಅಲ್ಲಿ ಗಾಡಿ ಹೋಗದು, ಸೈನ್ಯ ಹೋಗದು, ಮಳೆಗಾಲದಲ್ಲಿ ಹಸುವೂ ಹೋಗದು.

ಹಾಗಾದರೆ ಲೊಸಾನ್ ಕಡೆಯಿಂದ ಬರ್ನ್ ಕಡೆಗೆ ಹೋಗಬೇಕಾದವನು ಎಲ್ಲಿ ದಾಟಬೇಕು? ಉತ್ತರಕ್ಕೆ ಜೌಗು, ದಕ್ಷಿಣಕ್ಕೆ ಕಾಡು ತುಂಬಿದ ಗುಡ್ಡಗಳು ಮತ್ತು ನದಿಗಳ ಕಡಿದಾದ ಕಂದರಗಳು. ಇವೆರಡರ ನಡುವೆ, ಸರೋವರದ ಆಗ್ನೇಯ ದಂಡೆಯ ದಿಬ್ಬದ ಮೇಲೆ, ಒಣ ನೆಲದ ಒಂದು ಪಟ್ಟಿ. ಆ ಪಟ್ಟಿಯ ಮೇಲೆ ಬಾಗಿಲು ಹಾಕಿಕೊಂಡು ಕೂತ ಊರೇ ಮುರ್ಟನ್. ಘಾಟಿ ರಸ್ತೆಯ ಕಿರಿದಾದ ತಿರುವಿನಲ್ಲಿ ಸುಂಕದ ಕಟ್ಟೆ ಇಟ್ಟ ಹಾಗೆ. ಇದೊಂದು ಮನಸ್ಸಿಗೆ ಬಂದರೆ ಊರಿನ ಮಿಕ್ಕ ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಹೆಸರೇ ಅದನ್ನು ಹೇಳುತ್ತದೆ. ಮುರ್ಟನ್ ಎಂಬುದರ ಮೂಲ ಕೆಲ್ಟಿಕ್ ಭಾಷೆಯ 'ಮೊರಿದೂನೋನ್' ಎನ್ನುತ್ತಾರೆ. ಮೊರಿ ಎಂದರೆ ದೊಡ್ಡ ನೀರು, ದೂನೋನ್ ಎಂದರೆ ಕೋಟೆ. ಕನ್ನಡದಲ್ಲಿ 'ಕೆರೆಕೋಟೆ' ಅನ್ನಬಹುದು. ಆ ಕೆಲ್ಟರು ಹೆಲ್ವೇಟಿ ಎಂಬ ಬುಡಕಟ್ಟಿನವರು. ಊರಿನ ಎದುರು ದಡದಲ್ಲಿ ನೀವು ನೋಡಿರಬಹುದಾದ ಮೋಂ ವೂಯಿ ಎಂಬ ಗುಡ್ಡದ ಮೇಲೆ ಅವರದೊಂದು ಕೋಟೆಯೂರಿತ್ತು. ಕ್ರಿ.ಪೂ. 58ರಲ್ಲಿ ಹೆಲ್ವೇಟಿಗಳು ತಮ್ಮ ಊರುಗಳಿಗೆ ತಾವೇ ಬೆಂಕಿ ಇಟ್ಟು ಪಶ್ಚಿಮಕ್ಕೆ ಗುಳೆ ಹೊರಟರು. ಜೂಲಿಯಸ್ ಸೀಸರ್ ಅವರನ್ನು ಸೋಲಿಸಿ ವಾಪಸ್ ಅಟ್ಟಿದ. ರೋಮನ್ನರು ಅವರಿಗೆ ಮುರ್ಟನ್ನಿನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಅವೆಂಟಿಕುಮ್ ಎಂಬ ರಾಜಧಾನಿ ಕಟ್ಟಿಕೊಟ್ಟರು. ಈಗ ಅದು ಅವಾಂಶ್ ಎಂಬ ಸಣ್ಣ ಊರು. ಮುರ್ಟನ್ನಿನ ಗೋಡೆಗಿಂತ ಹಳೆಯದನ್ನು ನೋಡುವ ಆಸೆಯಿದ್ದರೆ ಅಲ್ಲಿಯ ರಂಗಭೂಮಿಗೆ ಹೋಗಿ.

ಮಧ್ಯಯುಗದಲ್ಲಿ ಈ ಬಾಗಿಲಿಗೆ ಬಿದ್ದ ಮೊದಲ ದೊಡ್ಡ ಏಟು 1033ರದು. ಬರ್ಗಂಡಿಯ ಕೊನೆಯ ರಾಜ ಮೂರನೆಯ ರುಡಾಲ್ಫ್ 1032ರಲ್ಲಿ ಮಕ್ಕಳಿಲ್ಲದೆ ಸತ್ತಾಗ ರಾಜ್ಯಕ್ಕಾಗಿ ಜಗಳವಾಯಿತು. ಜರ್ಮನ್ ಚಕ್ರವರ್ತಿ ಎರಡನೆಯ ಕಾನ್ರಾಡ್ ನಡುಚಳಿಗಾಲದಲ್ಲಿ ಮುರ್ಟನ್ನಿಗೆ ಮುತ್ತಿಗೆ ಹಾಕಿದ. ಅವನ ಚರಿತ್ರೆ ಬರೆದ ವೀಪೋ ಆ ಚಳಿಯನ್ನು ಮರೆಯಲೇ ಇಲ್ಲ. ರಾತ್ರಿ ಕಳೆಯುವುದರೊಳಗೆ ಕುದುರೆಗಳ ಕಾಲು ನೆಲಕ್ಕೆ ಹೆಪ್ಪುಗಟ್ಟಿ, ಕೊಡಲಿ ಹಾಕಿ ಬಿಡಿಸಬೇಕಾಗುತ್ತಿತ್ತಂತೆ. ಆ ಸಲ ಚಕ್ರವರ್ತಿ ಹಿಂದಿರುಗಿದ. ಮುಂದಿನ ವರ್ಷ ಬಂದು ಗೆದ್ದ.

ನೀವು ನಡೆದಾಡಿದ ಊರು ಮಾತ್ರ ಅದರ ನಂತರದ್ದು. ತ್ಸೇರಿಂಗೆನ್ ಮನೆತನದ ಡ್ಯೂಕ್ ನಾಲ್ಕನೆಯ ಬೆರ್ಟೋಲ್ಡ್ 1170 ಮತ್ತು 1190ರ ನಡುವೆ ಅದನ್ನು ಕಟ್ಟಿದ. ಅದೇ ಮನೆತನ 1157ರಲ್ಲಿ ಹತ್ತಿರದ ಫ್ರಿಬೂರ್ ನಗರವನ್ನೂ 1191ರಲ್ಲಿ ಬರ್ನನ್ನೂ ಕಟ್ಟಿತು. ಅದಕ್ಕೇ ಬರ್ನ್‌ನಿಂದ ಬಂದವರಿಗೆ ಮುರ್ಟನ್ನಿನ ಮುಖ್ಯಬೀದಿಯನ್ನು ಎಲ್ಲೋ ನೋಡಿದ ಹಾಗೆ ಅನಿಸುವುದು: ಸಂತೆ ಕೂಡುವಷ್ಟು ಅಗಲದ ಬೀದಿ, ಎರಡೂ ಕಡೆ ಒತ್ತೊತ್ತಾದ ಮನೆಸಾಲು, ಕಮಾನಿನ ಮೊಗಸಾಲೆ. ಆ ಮನೆತನ 1218ರಲ್ಲಿ ಅಳಿದ ಮೇಲೆ ಊರು ಕೆಲಕಾಲ ನೇರ ಚಕ್ರವರ್ತಿಯ ಕೈಗೆ ಬಂದು, 1255ರಿಂದ ಸವಾಯ್ ಮನೆತನದ ಆಶ್ರಯಕ್ಕೆ ಹೋಯಿತು. ಪಶ್ಚಿಮ ತುದಿಯ ದುರ್ಗ ಸವಾಯ್‌ನ ಎರಡನೆಯ ಪೀಟರನದು. 1416ರಲ್ಲಿ ಬೆಂಕಿ ಬಿದ್ದು ಮರದ ಮನೆಗಳೆಲ್ಲ ಸುಟ್ಟವು. ಆಮೇಲೆ ಕಲ್ಲಿನಲ್ಲಿ ಕಟ್ಟಿಕೊಂಡರು.

ಈಗ ಆ ಕದನದ ಮಾತು. ಬರ್ಗಂಡಿಯ ಡ್ಯೂಕ್ 'ಧೀರ' ಶಾರ್ಲ್ ಆ ಕಾಲದ ಯುರೋಪಿನ ಅತಿ ಶ್ರೀಮಂತ ಅರಸರಲ್ಲಿ ಒಬ್ಬ. (ರುಡಾಲ್ಫನ ಹಳೆಯ ಬರ್ಗಂಡಿ ರಾಜ್ಯ ಬೇರೆ, ಈ ಡ್ಯೂಕನ ಬರ್ಗಂಡಿ ಬೇರೆ.) ಒಳ್ಳೆಯ ಫಿರಂಗಿಗಳು, ಸಂಬಳದ ಸೈನಿಕರು, ಬಂಗಾರದ ಡೇರೆ ಎಲ್ಲವೂ ಇದ್ದವು. 1476ರ ಮಾರ್ಚ್ 2ರಂದು ಗ್ರಾನ್ಸೋಂ ಎಂಬಲ್ಲಿ ಸ್ವಿಸ್ಸರ ಎದುರು ಸೋತು ಫಿರಂಗಿ, ಭಂಡಾರ ಎಲ್ಲ ಬಿಟ್ಟು ಓಡಬೇಕಾಯಿತು. ಲೊಸಾನ್‌ನಲ್ಲಿ ಮತ್ತೆ ಸೈನ್ಯ ಕೂಡಿಸಿಕೊಂಡು ಈ ಸಲ ಬರ್ನ್ ಮೇಲೆಯೇ ಹೊರಟ. ಬರ್ನ್‌ಗೆ ದಾರಿ ಯಾವುದು? ಅದೇ ಒಣ ನೆಲದ ಪಟ್ಟಿ. ಬಾಗಿಲು ಹಿಂದಿನ ವರ್ಷವಷ್ಟೇ ಬರ್ನ್ ಮತ್ತು ಫ್ರಿಬೂರಿನ ಕೈಸೇರಿತ್ತು. ಒಳಗೆ ಆಡ್ರಿಯಾನ್ ಫಾನ್ ಬೂಬೆನ್‌ಬೆರ್ಗ್ ಎಂಬ ಬರ್ನ್‌ನ ಶ್ರೀಮಂತ ಸುಮಾರು 2,000 ಜನರೊಂದಿಗೆ ಕಾದು ಕೂತಿದ್ದ. ಸ್ವಾರಸ್ಯವೆಂದರೆ ಈ ಯುದ್ಧವೇ ಬೇಡ ಎಂದು ವಾದಿಸಿ ಬರ್ನ್ ಆಡಳಿತದಿಂದ ಹೊರಬಿದ್ದವನು ಅವನೇ. ಆಪತ್ತು ಬಂದಾಗ ಅವನನ್ನೇ ಕರೆದರು.

ಜೂನ್ 9ರಿಂದ ಮುತ್ತಿಗೆ. ಫಿರಂಗಿ ಏಟಿಗೆ ಗೋಡೆ ಒಡೆದರೂ 18ರ ದೊಡ್ಡ ದಾಳಿಯನ್ನು ಒಳಗಿನವರು ತಡೆದರು. ಶಾರ್ಲ್ ಇಲ್ಲೇ ಕಳೆದುಕೊಂಡ ದಿನಗಳಲ್ಲಿ ಸ್ವಿಸ್ ಒಕ್ಕೂಟದ ಊರುಗಳಿಂದ ಜನ ನಡೆದು ಬಂದು ಸೇರಿದರು. ಲೊರೇನ್‌ನ ಡ್ಯೂಕ್ ರೆನೆ ತನ್ನ ಸವಾರರೊಂದಿಗೆ ಬಂದ. 21ರಂದು ಇಡೀ ದಿನ ಶಾರ್ಲ್ ತನ್ನ ಸೈನ್ಯವನ್ನು ಸಜ್ಜಾಗಿ ನಿಲ್ಲಿಸಿ ಕಾದ. ಯಾರೂ ಬರಲಿಲ್ಲ. 22ರ ಬೆಳಿಗ್ಗೆ ಸುರಿಮಳೆ. ಈ ಮಳೆಯಲ್ಲಿ ಯಾರು ಬರುತ್ತಾರೆ ಎಂದು ಹೆಚ್ಚಿನವರನ್ನು ಬಿಡಾರಕ್ಕೆ ಕಳಿಸಿದ. ಮಳೆ ನಿಂತು ಬಿಸಿಲು ಬಂದ ಹೊತ್ತಿಗೆ ಕಾಡಿನ ಅಂಚಿನಿಂದ ಉದ್ದ ಈಟಿಗಳ ಗುಂಪು ಹೊರಬಂತು. ಬೇಲಿಯ ಹಿಂದೆ ಉಳಿದಿದ್ದ ಸಣ್ಣ ಪಡೆ ಸ್ವಲ್ಪ ಹೊತ್ತು ತಡೆಯಿತು, ಆಮೇಲೆ ಮುರಿಯಿತು.

ಮುಂದಿನದ್ದು ಕದನವಲ್ಲ, ಕೊಲೆ. ಊರಿಗೂ ನೀರಿಗೂ ನಡುವೆ ಸಿಕ್ಕಿಬಿದ್ದ ಬರ್ಗಂಡಿ ಪಡೆಗೆ ಓಡಲು ಜಾಗವೇ ಇರಲಿಲ್ಲ. ಕವಚ ತೊಟ್ಟವರೇ ಸರೋವರಕ್ಕೆ ಇಳಿದು ಮುಳುಗಿದರು. ಸೆರೆ ಹಿಡಿಯುವ ಮಾತೇ ಇರಲಿಲ್ಲ. ಸುಮಾರು 10,000 ಜನ ಸತ್ತರೆಂದು ಲೆಕ್ಕ. ಸ್ವಿಸ್ಸರ ಕಡೆ ಕೆಲವು ನೂರು. ಸೈನ್ಯವನ್ನು ತಡೆಯಲೆಂದು ನೆಲ ಮಾಡಿಕೊಟ್ಟ ಆ ಕಿರುದಾರಿಯೇ ಸೈನ್ಯಕ್ಕೆ ಬೋನಾಯಿತು. ಮರುವರ್ಷ ಜನವರಿ 5ರಂದು ನಾನ್ಸಿಯ ಹತ್ತಿರ ಶಾರ್ಲ್ ಕೂಡ ಸತ್ತ. ಗ್ರಾನ್ಸೋಂನಲ್ಲಿ ಸೊತ್ತು, ಮುರ್ಟನ್ನಿನಲ್ಲಿ ಧೈರ್ಯ, ನಾನ್ಸಿಯಲ್ಲಿ ರಕ್ತ ಕಳೆದುಕೊಂಡ ಎಂದು ಸ್ವಿಸ್ ಮಕ್ಕಳು ಇವತ್ತಿಗೂ ಪ್ರಾಸ ಕಟ್ಟಿ ಬಾಯಿಪಾಠ ಮಾಡುತ್ತಾರೆ. ಅವರ ಭಾಷೆಯಲ್ಲಿ ಈ ಮೂರೂ ಒಂದೇ ಪ್ರಾಸದ ಪದಗಳು.

ಸತ್ತವರ ಎಲುಬುಗಳಿಗೆ ಊರಿನ ಪಕ್ಕದ ಮೆರಿಯೆ ಎಂಬಲ್ಲಿ ಒಂದು ಅಸ್ಥಿಮನೆ ಕಟ್ಟಿದ್ದರು. ಮುನ್ನೂರು ವರ್ಷ ಅದು ಪ್ರವಾಸಿಗರು ನೋಡುವ ಜಾಗವಾಗಿತ್ತು. 1798ರಲ್ಲಿ ಬಂದ ಫ್ರೆಂಚ್ ಸೈನಿಕರು, ಅದರಲ್ಲೂ ಬರ್ಗಂಡಿ ಕಡೆಯವರು, ತಮ್ಮ ಪೂರ್ವಿಕರ ಸೋಲಿನ ಈ ಗುರುತನ್ನು ಕೆಡವಿಹಾಕಿದರು. 1816ರಲ್ಲಿ ಇಂಗ್ಲಿಷ್ ಕವಿ ಬೈರನ್ ಬಂದಾಗ ಎಲುಬುಗಳು ಇನ್ನೂ ಚೆಲ್ಲಾಡಿದ್ದವು. ಅವನೂ ಒಂದಿಷ್ಟು ಎತ್ತಿಕೊಂಡು ಹೋದ! ಉಳಿದದ್ದನ್ನು ಹೂತು ಅಲ್ಲೊಂದು ಕಲ್ಲಿನ ಸ್ತಂಭ ನಿಲ್ಲಿಸಿದ್ದಾರೆ. ಪ್ರವಾಸಿ ಬಸ್ಸುಗಳು ಅಲ್ಲಿ ನಿಲ್ಲುವುದು ಕಡಿಮೆ. ನನಗೆ ಮಾತ್ರ ಆ ಊರಿನಲ್ಲಿ ತೀರ ಮುಖ್ಯವೆನಿಸುವ ಜಾಗ ಅದು.

ಎರಡು ಹೆಸರಿನ ವಿಷಯ. ಜರ್ಮನ್ನಿನಲ್ಲಿ ಮುರ್ಟನ್, ಫ್ರೆಂಚಿನಲ್ಲಿ ಮೊರಾ. ಸ್ವಿಟ್ಜರ್ಲೆಂಡಿನ ಭಾಷಾಗಡಿ ಸರಿಯಾಗಿ ಈ ಸರೋವರದ ಆಸುಪಾಸಿನಲ್ಲೇ ಹಾದುಹೋಗುತ್ತದೆ. ಸುತ್ತಲಿನ ಊರುಗಳಿಗೂ ಜೋಡಿ ಹೆಸರು: ಮೆರಿಯೆ ಜರ್ಮನ್ನರಿಗೆ ಮೆರ್ಲಾಖ್, ಅವಾಂಶ್ ಅವರಿಗೆ ವಿಫ್ಲಿಸ್‌ಬುರ್ಗ್. ಬೀದರ್ ಕಡೆಯವರಿಗೆ, ಕಾಸರಗೋಡಿನವರಿಗೆ ಇದೇನೂ ಹೊಸದಲ್ಲ. ಮುರ್ಟನ್ನಿನ ವಿಶೇಷ ಬೇರೆ ಕಡೆ ಇದೆ. ಕದನದ ನಂತರ 1484ರಿಂದ 1798ರವರೆಗೆ ಬರ್ನ್ ಮತ್ತು ಫ್ರಿಬೂರ್ ಈ ಊರನ್ನು ಜಂಟಿಯಾಗಿ ಆಳಿದವು. ಐದು ವರ್ಷ ಒಬ್ಬರ ಅಧಿಕಾರಿ, ಇನ್ನೈದು ವರ್ಷ ಇನ್ನೊಬ್ಬರ ಅಧಿಕಾರಿ. ನಡುವೆ ಮತಸುಧಾರಣೆಯ ಗಾಳಿ ಬೀಸಿ ಬರ್ನ್ ಪ್ರಾಟೆಸ್ಟಂಟ್ ಆಯಿತು, ಫ್ರಿಬೂರ್ ಕ್ಯಾಥೊಲಿಕ್ ಆಗಿಯೇ ಉಳಿಯಿತು. ಮುರ್ಟನ್ 1530ರಲ್ಲಿ ಗಿಯೋಮ್ ಫಾರೆಲ್ ಎಂಬ ಉಪದೇಶಕನ ಮಾತು ಕೇಳಿ, ಮತ ಹಾಕಿ, ಬರ್ನ್‌ನ ದಾರಿ ಹಿಡಿಯಿತು. ಆದರೆ 1803ರಲ್ಲಿ ನೆಪೋಲಿಯನ್ ಗೆರೆ ಎಳೆದಾಗ ಸೇರಿಸಿದ್ದು ಫ್ರಿಬೂರಿಗೆ. ಹಾಗಾಗಿ ಫ್ರೆಂಚ್ ಮಾತಾಡುವ ಕ್ಯಾಥೊಲಿಕರೇ ಹೆಚ್ಚಾಗಿದ್ದ ರಾಜ್ಯದಲ್ಲಿ ಇದೊಂದು ಜರ್ಮನ್ ಮಾತಾಡುವ ಪ್ರಾಟೆಸ್ಟಂಟ್ ಊರು, ಅದರೊಳಗೆ ಮತ್ತೆ ಫ್ರೆಂಚ್ ಮಾತಾಡುವ ಸಣ್ಣ ಗುಂಪು. ಊರೊಳಗೆ ಜರ್ಮನ್ ಚರ್ಚ್, ಫ್ರೆಂಚ್ ಚರ್ಚ್ ಎಂದು ಎರಡಿರುವುದು ಅದಕ್ಕೇ. ಗಡಿಯ ಗೊಂದಲ ಈಗಲೂ ಮುಗಿದಿಲ್ಲ. ಸುತ್ತಲೂ ಫ್ರಿಬೂರ್ ಮತ್ತು ವೋ ರಾಜ್ಯಗಳ ನೆಲವಿದ್ದರೂ ಬರ್ನ್‌ಗೆ ಸೇರಿದ್ದ ಕ್ಲಾವಲೇರ್ ಎಂಬ ಐವತ್ತು ಜನರ ಹಳ್ಳಿ 2022ರ ಜನವರಿ 1ರಂದು ರಾಜ್ಯ ಬದಲಿಸಿ ಮುರ್ಟನ್ನಿಗೆ ಸೇರಿತು. ಪಕ್ಕದ ಮ್ಯುನ್ಶೆನ್‌ವೀಲರ್ ಇನ್ನೂ ಬರ್ನ್‌ನ ದ್ವೀಪವಾಗಿಯೇ ಇದೆ.

ಗೋಡೆ ಹೇಗೆ ಉಳಿಯಿತು ಎಂಬುದಕ್ಕೆ ನನ್ನ ಉತ್ತರ ನಿಮಗೆ ರುಚಿಸದೆ ಇರಬಹುದು. ಅಭಿಮಾನಕ್ಕಿಂತ ಬಡತನವೇ ಅದನ್ನು ಹೆಚ್ಚು ಕಾಪಾಡಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಬೆಳೆಯುತ್ತಿದ್ದ ಊರುಗಳೆಲ್ಲ ಕೋಟೆ ಕೆಡವಿ ರಸ್ತೆ ಮಾಡಿಕೊಂಡವು. ಅಷ್ಟರಲ್ಲಿ ಬಾಗಿಲಿನ ಬೆಲೆಯೇ ಹೋಗಿತ್ತು. ಬರ್ನ್‌ನಿಂದ ಲೊಸಾನ್‌ಗೆ ರೈಲು ಹಾಕಿದಾಗ ಅದು ಫ್ರಿಬೂರ್ ಮೂಲಕ ಹೋಯಿತು. 1862ರಲ್ಲಿ ಆ ದಾರಿ ತೆರೆದ ಮೇಲೆ ಹಳೆಯ ಹೆದ್ದಾರಿಯ ವ್ಯಾಪಾರ ಬತ್ತಿತು. ಸೇತುವೆ, ಸುರಂಗ ಕಟ್ಟಬಲ್ಲವರಿಗೆ ಒಣ ನೆಲದ ಪಟ್ಟಿ ಯಾಕೆ ಬೇಕು? ಮುರ್ಟನ್ನಿಗೆ ರೈಲು ಬಂದದ್ದು 1876ರಲ್ಲಿ, ಅದೂ ಕವಲುದಾರಿಯಾಗಿ. ಕೆಡವುವ ಅವಸರ ಊರಿಗೆ ಬರಲೇ ಇಲ್ಲ. ಬರುವ ಹೊತ್ತಿಗೆ ಹಳೆಯದನ್ನು ನೋಡಲು ಜನ ದುಡ್ಡು ಕೊಟ್ಟು ಬರತೊಡಗಿದ್ದರು.

ಸರೋವರವೂ ಆ ಕಾಲದ್ದಲ್ಲ ಎಂದರೆ ನಂಬುತ್ತೀರಾ? ನೀವು ದೋಣಿ ಹತ್ತಿದ ದಂಡೆ ಒಂದು ಕಾಲಕ್ಕೆ ನೀರಿನಡಿ ಇತ್ತು. ಆರೆ ನದಿ ಆಲ್ಪ್ಸ್‌ನಿಂದ ಹೂಳು ತಂದು ತನ್ನ ಪಾತ್ರವನ್ನೇ ಎತ್ತರಿಸಿಕೊಂಡು, ಮೂರೂ ಸರೋವರಗಳ ಹೊರಹರಿವಿಗೆ ಅಡ್ಡ ಬರುತ್ತಿತ್ತು. ಹಿನ್ನೀರು ನಿಂತು ಜೌಗು ಕೊಳೆಯುತ್ತಿತ್ತು, ಮಲೇರಿಯಾ ಹಬ್ಬುತ್ತಿತ್ತು. ಯೋಹಾನ್ ರುಡೋಲ್ಫ್ ಶ್ನೈಡರ್ ಎಂಬ ವೈದ್ಯರು ದಶಕಗಳ ಕಾಲ ಸರಕಾರದ ಬೆನ್ನು ಹತ್ತಿದರು, ರಿಚರ್ಡ್ ಲಾ ನಿಕ್ಕಾ ಎಂಬ ಎಂಜಿನಿಯರ್ ಯೋಜನೆ ಮಾಡಿಕೊಟ್ಟರು. 1868ರಿಂದ 1891ರವರೆಗೆ ನಡೆದ ಕಾಮಗಾರಿಯಲ್ಲಿ ಆರೆ ನದಿಯನ್ನೇ ಕಾಲುವೆ ಕಡಿದು ಬೀಲ್ ಸರೋವರಕ್ಕೆ ತಿರುಗಿಸಿದರು. ಹೂಳು ಅಲ್ಲಿ ಇಳಿಯಲಿ ಎಂಬ ಲೆಕ್ಕ. ಮೂರೂ ಸರೋವರಗಳ ಮಟ್ಟ ಸುಮಾರು ಎರಡೂವರೆ ಮೀಟರ್ ಇಳಿಯಿತು. ದಂಡೆಯಲ್ಲಿ ಸಾವಿರಾರು ವರ್ಷ ಹಳೆಯ ಮರದ ಗೂಟಗಳು ತಲೆಯೆತ್ತಿದವು: ನವಶಿಲಾಯುಗದ ಜನ ಕಂಬದ ಮೇಲೆ ಕಟ್ಟಿಕೊಂಡಿದ್ದ ಮನೆಗಳ ಬುಡ. ಪಕ್ಕದ ಮುಂಟೆಲಿಯರ್, ಗ್ರೆಂಗ್ ಊರುಗಳ ದಂಡೆಗಳಲ್ಲೂ ಇಂಥವು ಸಿಕ್ಕಿವೆ. ಆಲ್ಪ್ಸ್ ಸುತ್ತಲಿನ ಇಂಥ 111 ನೆಲೆಗಳು 2011ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು.

ಒಣಗಿದ ಜೌಗು ಹೊಲವಾಯಿತು. ಅದರಲ್ಲಿ ದೊಡ್ಡ ಪಾಲು ದುಡಿಮೆ ಬೆಲ್‌ಶಾಸ್ ಮತ್ತು ವಿಟ್ಸ್‌ವಿಲ್ ಜೈಲುಗಳ ಕೈದಿಗಳದು. ಈಗ ದೇಶಕ್ಕೆಲ್ಲ ತರಕಾರಿ ಹೋಗುವುದು ಆ ಕಪ್ಪು ಮಣ್ಣಿನಿಂದ. ಆದರೆ ಜೌಗಿನ ಮಣ್ಣು ಒಣಗಿದಷ್ಟೂ ಗಾಳಿ ತಾಗಿ ಕರಗುತ್ತದೆ, ನೆಲ ಕುಸಿಯುತ್ತದೆ. ಮತ್ತೆ ನೆರೆ ಬರತೊಡಗಿದ್ದರಿಂದ 1962ರಿಂದ 1973ರವರೆಗೆ ಇನ್ನೊಮ್ಮೆ ಕಾಲುವೆಗಳನ್ನು ಹಿಗ್ಗಿಸಿ ಆಳ ಮಾಡಬೇಕಾಯಿತು. ಮೂರೂ ಸರೋವರಗಳು ಈಗ ಒಂದೇ ತೊಟ್ಟಿಯ ಹಾಗೆ. ಆರೆಯಲ್ಲಿ ಜೋರು ನೆರೆ ಬಂದರೆ ಬೀಲ್‌ನಿಂದ ನೊಶಾಟೆಲ್ ಕಡೆಗೆ ನೀರು ಹಿಂದಕ್ಕೇ ಹರಿಯುತ್ತದೆ.

ನೊಶಾಟೆಲ್ ಹೆಸರು ಬಂತಲ್ಲ, ನಮ್ಮ ಕಡೆಯ ಒಂದು ನಂಟು ಹೇಳಿಬಿಡುತ್ತೇನೆ. ಶಾರ್ಲ್ ದಾನಿಯೆಲ್ ದ ಮ್ಯುರೋಂ ಎಂಬ ಆ ಊರಿನವನು 1781ರಲ್ಲಿ ಡಚ್ಚರಿಗಾಗಿ ಕಟ್ಟಿದ ಬಾಡಿಗೆ ಪಡೆ ಆಮೇಲೆ ಬ್ರಿಟಿಷರ ಕೈಗೆ ಬಂದು, 1799ರಲ್ಲಿ ಟಿಪ್ಪುವಿನ ವಿರುದ್ಧ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಕಾದಿತು. ಕಾವೇರಿ ದಡದ ಗ್ಯಾರಿಸನ್ ಸ್ಮಶಾನದಲ್ಲಿ ಆ ಪಡೆಯವರ ಗೋರಿಗಳಿವೆ. ಕೋಟೆ ಮುತ್ತುವುದು, ಕಾಯುವುದು, ಸಂಬಳಕ್ಕೆ ಸಾಯುವುದು ಈ ಸರೋವರಗಳ ಸುತ್ತಲಿನ ಜನಕ್ಕೆ ಶತಮಾನಗಳ ಕಾಲ ಒಂದು ಉದ್ಯೋಗವೇ ಆಗಿತ್ತು.

ಇನ್ನು ಜೂನ್ ಪ್ರವಾಸ. ಸಾಧ್ಯವಾದರೆ 22ನೇ ತಾರೀಕಿಗೇ ಹೋಗಿ. ಕದನದ ದಿನವನ್ನು ಅವರು 'ಸೊಲೆನಿಟೇಟ್' ಎಂಬ ಶಾಲಾಮಕ್ಕಳ ಹಬ್ಬವಾಗಿ ಆಚರಿಸುತ್ತಾರೆ. ಬಿಳಿ ಬಟ್ಟೆ ತೊಟ್ಟು, ಹೂವು ಹಿಡಿದು ಮಕ್ಕಳು ಮೆರವಣಿಗೆ ಹೊರಡುತ್ತಾರೆ. ಹತ್ತು ಸಾವಿರ ಸಾವಿನ ನೆನಪನ್ನು ಮಕ್ಕಳ ಕೈಗೆ ಕೊಟ್ಟದ್ದು ಒಳ್ಳೆಯ ಯೋಚನೆ ಅನಿಸುತ್ತದೆ ನನಗೆ. ಮುರ್ಟನ್ನಿನಿಂದ ಫ್ರಿಬೂರಿಗೆ ಗೆಲುವಿನ ಸುದ್ದಿ ತಂದ ಓಟಗಾರನೊಬ್ಬ, ಕೈಯಲ್ಲಿ ಲಿಂಡೆನ್ ಮರದ ಕೊಂಬೆ ಹಿಡಿದೇ ಸತ್ತನೆಂಬ ಕಥೆಯೂ ಇದೆ. ಕಥೆ ಕಟ್ಟಿದ್ದೇ ಇರಬೇಕು, ಆದರೆ 1933ರಿಂದ ಪ್ರತಿ ಅಕ್ಟೋಬರ್‌ನಲ್ಲಿ ಸಾವಿರಾರು ಜನ ಆ ದಾರಿಯಲ್ಲಿ 17 ಕಿಲೋಮೀಟರ್ ಓಡುತ್ತಾರೆ, ಅದು ನಿಜ.

ಬೇಕರಿಯಲ್ಲಿ 'ನೀಡೆಲ್‌ಕೂಖನ್' ಕೇಳಿ. ಹಾಲಿನ ಕೆನೆ ಸುರಿದು ಬೇಯಿಸಿದ ಸಿಹಿ ರೊಟ್ಟಿಯಂಥದ್ದು, ಬಿಸಿಯಿದ್ದಾಗಲೇ ತಿನ್ನಬೇಕು. ಆಮೇಲೆ ದೋಣಿಯಲ್ಲಿ ಎದುರು ದಡದ ಮೋಟಿಯೆಗೆ ದಾಟಿ. ಹಿಮಯುಗದ ವಾದವನ್ನು 1837ರಲ್ಲಿ ಮಂಡಿಸಿ ಹೆಸರಾದ ಲೂಯಿ ಅಗಸ್ಸಿ 1807ರಲ್ಲಿ ಹುಟ್ಟಿದ್ದು ಅಲ್ಲಿಯೇ. ಹಿಮನದಿ ಎಲ್ಲಿಂದಲೋ ಹೊತ್ತು ತಂದಿಟ್ಟ ಒಂದು ದೊಡ್ಡ ಬಂಡೆಗೆ ವೂಯಿ ಗುಡ್ಡದ ಮೇಲೆ ಅವನದೇ ಹೆಸರು. ಮುಂದೆ ಅಮೆರಿಕಕ್ಕೆ ಹೋಗಿ ಕಪ್ಪುಜನರ ಬಗ್ಗೆ ಆಡಿದ ಮಾತುಗಳಿಂದ ಅವನ ಹೆಸರು ಈಗ ಮಸುಕಾಗಿದೆ. ನೊಶಾಟೆಲ್ ಊರು ಅವನ ಹೆಸರಿನ ಚೌಕಕ್ಕೆ ಬೇರೆ ಹೆಸರಿಟ್ಟಿದೆ.

ಗೋಡೆಗೆ ಟಿಕೆಟ್ ಇಲ್ಲ. ಹತ್ತುವ ಮರದ ಮೆಟ್ಟಿಲು ಮಾತ್ರ ಕಡಿದು, ಹಿಡಿದುಕೊಂಡೇ ಹೋಗಬೇಕು. ಯಜಮಾನರ ಮಂಡಿ ಇನ್ನೂ ಹಾಗೆಯೇ ಇದ್ದರೆ ಬಲವಂತ ಬೇಡ. ನೀವೂ ಮಗಳೂ ಮೇಲೆ ಹೋಗಿ ಕೆಂಪು ಹೆಂಚಿನ ಮಾಡುಗಳನ್ನು ನೋಡುತ್ತಿರಿ. ಅವರು ದುರ್ಗದ ಅಂಗಳದಲ್ಲಿ ಕೂತು, ನೀರು, ಎದುರಿನ ಗುಡ್ಡ, ಬಲಕ್ಕೆ ಕಾಣುವ ತರಕಾರಿ ಬಯಲು ನೋಡಲಿ. ಶಾರ್ಲ್‌ನ ಸೈನ್ಯ ಬಂದದ್ದು ಎಡಗಡೆಯಿಂದ ಎಂದು ಅವರಿಗೆ ಹೇಳಿ.